ಅಂಟಿಸಿದ ಕನ್ನಡ ಏಕೆ ಕೆಡುತ್ತದೆ? ಗಣಕದಲ್ಲಿ ನಕಲು–ಅಂಟಿಸುವಿಕೆಯ ತೊಡಕುಗಳು ಮತ್ತು ಪರಿಹಾರ

ಕೊಯಮತ್ತೂರು ಮತ್ತು ತಿರುಪ್ಪೂರುಗಳ ನಡುವಣ ಸೋಮನೂರು ವಿದ್ಯುನ್ಮಗ್ಗಗಳ ಊರು. ಇಲ್ಲಿಯ ಮತ್ತು ಸುತ್ತಲ ಊರುಗಳ ದೇವಾಂಗ ನೇಕಾರರಲ್ಲಿ ಅನೇಕರ ಮನೆಮಾತು ಕನ್ನಡ. ಆದರೆ ಹೆಚ್ಚಿನವರ ಓದುಬರಹ ನಡೆದದ್ದು ತಮಿಳಿನಲ್ಲಿ. ಮನೆಯೊಳಗೆ ಕನ್ನಡವಾಡುವ ಮಗು ಹೊಸ್ತಿಲು ದಾಟಿದೊಡನೆ ತಮಿಳಿನಲ್ಲಿ ಬರೆಯುತ್ತದೆ. ಇಂಥ ಊರಿನಲ್ಲಿ ಕನ್ನಡ ಲಿಪಿಯಲ್ಲಿ ಇರುವ ಒಂದೊಂದು ಪುಟಕ್ಕೂ ಬೆಲೆಯಿದೆ.

ಬೇಸಗೆಯ ರಜೆಯೊಂದರಲ್ಲಿ ಆ ಊರಿನ ಮನೆಯೊಂದಕ್ಕೆ ಹೋಗಿದ್ದೆ. ಆ ಮನೆಯ ಹಿರಿಯರು ಚೌಡೇಶ್ವರಿಯ ಹಬ್ಬದಲ್ಲಿ ಹೆಂಗಸರು ಹಾಡುತ್ತಿದ್ದ ಹಾಡುಗಳನ್ನೂ ಕುಲದ ಹೆಸರುಗಳನ್ನೂ ಬಹಳ ಹಿಂದೆ ಅಕ್ಷರ ಜೋಡಣೆಯ ಅಂಗಡಿಯೊಂದರಲ್ಲಿ ಬೆರಳಚ್ಚು ಮಾಡಿಸಿ ಇಟ್ಟಿದ್ದರು. ಮೊಮ್ಮಗಳು ಅದನ್ನು ಗಣಕದಲ್ಲಿ ತೆರೆದಾಗ ಕಂಡದ್ದು ಇಂಗ್ಲಿಷ್ ಅಕ್ಷರಗಳ ಗೋಜಲು. ಒಬ್ಬರು ಅದನ್ನು ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿದರು. ಇನ್ನೊಬ್ಬರು ಇಡೀ ಕಡತವನ್ನು ಆಯ್ದು ತಮಿಳು ಫಾಂಟನ್ನು ಹಚ್ಚಿದರು. ಮತ್ತೊಬ್ಬರು 'ವೈರಸ್ ಹೊಕ್ಕಿದೆ, ಅಳಿಸಿಬಿಡಿ' ಎಂದು ತೀರ್ಪಿತ್ತರು. ಕಡತಕ್ಕೆ ಏನೂ ಆಗಿರಲಿಲ್ಲ. ಹಾಡುಗಳೆಲ್ಲವೂ ಅದರಲ್ಲಿ ಇದ್ದವು. ಆದರೆ ಅದರ ಪಕ್ಕದಲ್ಲಿದ್ದ ಎರಡನೆಯ ಕಡತ ನಿಜವಾಗಿಯೂ ನಾಶವಾಗಿತ್ತು. ಅದನ್ನು ಕೆಡಿಸಿದ್ದು ರಿಪೇರಿ ಮಾಡಲು ಹೊರಟವರ ಕೈಯೇ. ಈ ಎರಡು ಕಡತಗಳ ನಡುವಣ ವ್ಯತ್ಯಾಸವನ್ನು ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಕನ್ನಡ ಮಾಧ್ಯಮ ಶಾಲೆಗಳ ಪೋಷಕರೂ ಹಿರಿಯ ವಿದ್ಯಾರ್ಥಿಗಳೂ ಬೇಕಾದಾಗ ತೆರೆದು ನೋಡಿಕೊಳ್ಳಲೆಂದು ಈ ಲೇಖನವನ್ನು ಸಿದ್ಧಪಡಿಸಿದ್ದೇನೆ.

ನಕಲು ಮಾಡಿದಾಗ ಏನು ನಡೆಯುತ್ತದೆ

ಹಿಂದೆ ಪತ್ರಿಕಾಲಯಗಳಲ್ಲಿ ಹಸ್ತಪ್ರತಿಯ ಸಾಲುಗಳನ್ನು ಕತ್ತರಿಯಿಂದ ಕತ್ತರಿಸಿ, ಅಂಟು ಹಚ್ಚಿ, ಬೇರೊಂದು ಕಡೆ ಸೇರಿಸುತ್ತಿದ್ದರು. ಅದೇ ಕ್ರಮವನ್ನು ಗಣಕದ ಪರದೆಗೆ ತಂದವರು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದ ಲಾರಿ ಟೆಸ್ಲರ್ ಮತ್ತು ಟಿಮ್ ಮಾಟ್. 1970ರ ದಶಕದ ನಡುವಿನಲ್ಲಿ ಅವರು ರೂಪಿಸಿದ 'ಜಿಪ್ಸಿ' ಎಂಬ ಪಠ್ಯ ಸಂಪಾದಕದಲ್ಲಿ ಈ ಸೌಲಭ್ಯವಿತ್ತು. ಟೆಸ್ಲರ್ 2020ರಲ್ಲಿ ತೀರಿಕೊಂಡರು. ಕಂಟ್ರೋಲ್ ಮತ್ತು ಸಿ, ಕಂಟ್ರೋಲ್ ಮತ್ತು ವಿ ಎಂಬ ಜೋಡಿ ಕೀಲಿಗಳನ್ನು ಇಂದು ಐದನೆಯ ತರಗತಿಯ ಮಕ್ಕಳೂ ಬಲ್ಲರು.

ಆದರೆ ಪರದೆಯ ಮೇಲಿನ ಪಠ್ಯ ಕಾಗದದ ತುಂಡಲ್ಲ. ಅಕ್ಷರದ ಆಕಾರ ಒಂದು, ಅದರ ಹಿಂದಿರುವ ಸಂಖ್ಯೆ ಇನ್ನೊಂದು. ನಾವು ನಕಲು ಮಾಡಿದಾಗ ಗಣಕವು ಆ ಸಂಖ್ಯೆಗಳ ಸಾಲನ್ನು 'ಕ್ಲಿಪ್‌ಬೋರ್ಡ್' ಎಂಬ ತಾತ್ಕಾಲಿಕ ಜಾಗದಲ್ಲಿ ಇರಿಸುತ್ತದೆ. ಅದನ್ನು ಒಂದೇ ರೂಪದಲ್ಲಿ ಇರಿಸುವುದಿಲ್ಲ: ಬರಿಯ ಪಠ್ಯವಾಗಿ ಒಂದು, ಫಾಂಟು, ಬಣ್ಣ, ಗಾತ್ರಗಳ ವಿವರದೊಂದಿಗೆ ಇನ್ನೊಂದು, ಹೀಗೆ ಹಲವು ಪದರಗಳು ಇರುತ್ತವೆ. ಅಂಟಿಸುವ ತಂತ್ರಾಂಶವು ತನಗೆ ಒಗ್ಗುವ ಪದರವನ್ನು ಎತ್ತಿಕೊಳ್ಳುತ್ತದೆ. ವರ್ಡ್ ತಂತ್ರಾಂಶವು ಫಾಂಟಿನ ಹೆಸರನ್ನೂ ತೆಗೆದುಕೊಳ್ಳುತ್ತದೆ, ನೋಟ್‌ಪ್ಯಾಡ್ ಬರಿಯ ಪಠ್ಯವನ್ನಷ್ಟೇ ತೆಗೆದುಕೊಳ್ಳುತ್ತದೆ. ಒಂದೇ ಬರಹವನ್ನು ಎರಡು ಕಡೆ ಅಂಟಿಸಿದಾಗ ಎರಡು ಬಗೆಯ ಫಲ ದೊರೆಯುವುದು ಇದರಿಂದಲೇ.

ನೇಕಾರ ಮನೆಯವರಿಗೆ ಇದನ್ನು ವಿವರಿಸಲು ಜಕಾರ್ಡ್ ಮಗ್ಗದ ಅಟ್ಟೆಗಿಂತ ಒಳ್ಳೆಯ ಸಾಧನ ನನಗೆ ದೊರೆತಿಲ್ಲ. ಅಟ್ಟೆಯಲ್ಲಿ ಇರುವುದು ತೂತುಗಳು ಮಾತ್ರ, ಹೂವಲ್ಲ. ಯಾವ ತೂತಿಗೆ ಯಾವ ಎಳೆ ಏಳಬೇಕೆಂಬುದು ಮಗ್ಗಕ್ಕೆ ಕಟ್ಟಿದ ದಾರಗಳ ಕ್ರಮದಲ್ಲಿದೆ. ಬೇರೆ ಕಟ್ಟಿನ ಮಗ್ಗಕ್ಕೆ ಅದೇ ಅಟ್ಟೆಯನ್ನು ಹಾಕಿದರೆ ಹೂವಿನ ಬದಲು ಏನೋ ಒಂದು ಮೂಡುತ್ತದೆ. ಅಟ್ಟೆ ಕೆಟ್ಟಿಲ್ಲ, ಕಟ್ಟು ಬೇರೆಯಾಗಿದೆ, ಅಷ್ಟೆ.

ಹಳೆಯ ಫಾಂಟುಗಳು ಮತ್ತು ಯೂನಿಕೋಡ್

1998ರಲ್ಲಿ ಹೊರಬಂದ ಶೇಷಾದ್ರಿವಾಸು ಅವರ 'ಬರಹ', ಅನಂತರ ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', ಇವೆರಡೂ ಕನ್ನಡವನ್ನು ಗಣಕದಲ್ಲಿ ಮನೆಮನೆಗೆ ಮುಟ್ಟಿಸಿದವು. ನುಡಿಯ ಕೀಲಿಮಣೆ ವಿನ್ಯಾಸಕ್ಕೆ ಮೂಲವಾದದ್ದು ಕೆ. ಪಿ. ರಾವ್ ಅವರ ಕೆಲಸ. ಆ ಕಾಲದ ತಂತ್ರಾಂಶಗಳಲ್ಲಿ ಬಹಳಷ್ಟಕ್ಕೆ ಕನ್ನಡವೆಂಬ ಲಿಪಿಯಿದೆ ಎಂಬುದೇ ತಿಳಿದಿರಲಿಲ್ಲ. ಆದ್ದರಿಂದ ಇಂಗ್ಲಿಷ್ ಮತ್ತು ಇತರ ಐರೋಪ್ಯ ಅಕ್ಷರಗಳಿಗೆ ಮೀಸಲಾದ 256 ಸ್ಥಾನಗಳನ್ನೇ ಎರವಲು ಪಡೆದು, ಆ ಸಂಖ್ಯೆಗಳಿಗೆ ಕನ್ನಡದ ತುಂಡುಗಳನ್ನು ಹೊಂದಿಸಿದರು.

'ಕನ್ನಡ' ಎಂಬ ಪದವನ್ನೇ ನೋಡಿ. ನುಡಿಯ ಹಳೆಯ ಫಾಂಟಿನಲ್ಲಿ ಅದು ಏಳು ಸಂಖ್ಯೆಗಳು. ಫಾಂಟನ್ನು ಕಳಚಿದರೆ ಕ್ರಮವಾಗಿ ಕಾಣುವುವು ಇವು: ಇಂಗ್ಲಿಷಿನ ದೊಡ್ಡ 'ಪಿ', ನೆತ್ತಿಯ ಮೇಲೆ ಓರೆಗೆರೆಯುಳ್ಳ ದೊಡ್ಡ 'ಎ', ಬ್ರಿಟನ್ನಿನ ಪೌಂಡ್ ಹಣದ ಚಿಹ್ನೆ, ಪುನಃ ಆ ಓರೆಗೆರೆಯ 'ಎ', ಜರ್ಮನರ ಜೋಡಿ 'ಎಸ್', ಸಣ್ಣ 'ಕ್ಯೂ', ಮತ್ತೊಮ್ಮೆ ಓರೆಗೆರೆಯ 'ಎ'. ಮೂರು ಬಾರಿ ಬಂದ ಆ 'ಎ' ಬೇರೇನೂ ಅಲ್ಲ, ನಮ್ಮ ತಲೆಕಟ್ಟು. ಜರ್ಮನರ 'ಎಸ್' ಇಲ್ಲಿ ನಕಾರದ ಒತ್ತು. ಇದೇ ಪದ ಯೂನಿಕೋಡಿನಲ್ಲಿ ಐದು ಸಂಖ್ಯೆಗಳು: ಕ, ನ, ವಿರಾಮ ಚಿಹ್ನೆ, ನ, ಡ. ಇಲ್ಲಿ ದಾಖಲಾಗುವುದು ಆಕಾರದ ತುಂಡಲ್ಲ, ಅಕ್ಷರವೇ. ಒತ್ತು ಎಲ್ಲಿ ಕೂರಬೇಕು, ತಲೆಕಟ್ಟು ಎಲ್ಲಿ ಬರಬೇಕು ಎಂಬುದನ್ನು ಫಾಂಟು ನೋಡಿಕೊಳ್ಳುತ್ತದೆ.

1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ, ತಮಿಳಿಗೂ ಅಷ್ಟೇ ಗಾತ್ರದ ಬೇರೊಂದು ವಿಭಾಗವಿದೆ. ಆದರೆ ಸಾಮಾನ್ಯ ಬಳಕೆದಾರರ ಕೈಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ 'ತುಂಗಾ' ಫಾಂಟಿನ ನಂತರ. ನಡುವಣ ವರ್ಷಗಳಲ್ಲಿ ಮತ್ತು ಆಮೇಲೆಯೂ ಬಹುಕಾಲ ಬೆರಳಚ್ಚಾದ ಕರಪತ್ರ, ನಡಾವಳಿ, ಮನವಿ, ಕುಲಚರಿತ್ರೆಗಳಲ್ಲಿ ದೊಡ್ಡ ಪಾಲು ಹಳೆಯ ಫಾಂಟುಗಳಲ್ಲೇ ಉಳಿದಿದೆ.

ನಿಮ್ಮ ಕಡತ ಯಾವ ಬಗೆಯದೆಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಕಡತದ ಪ್ರತಿಯೊಂದನ್ನು ಮಾಡಿಕೊಂಡು, ಅದರಲ್ಲಿ ಒಂದು ಪದವನ್ನು ಆಯ್ದು ಫಾಂಟನ್ನು 'ಏರಿಯಲ್' ಎಂದು ಬದಲಿಸಿ. ಅಕ್ಷರ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಇಂಗ್ಲಿಷಾಗಿ ತಿರುಗಿದರೆ ಹಳೆಯ ಫಾಂಟು.

ಕೆಟ್ಟ ಪಠ್ಯದ ಮುಖಲಕ್ಷಣ

ವೈದ್ಯರು ನಾಲಗೆ ನೋಡಿ ಕಾಯಿಲೆ ಹೇಳುವಂತೆ, ಅಂಟಿಸಿದ ಪಠ್ಯದ ರೂಪವನ್ನು ನೋಡಿ ದೋಷವನ್ನು ಹೇಳಬಹುದು. ಅಲ್ಲಿಯವರೆಗೆ ಪಾಲಿಸಬೇಕಾದ ನಿಯಮ ಒಂದೇ: ಕಡತವನ್ನು ಉಳಿಸಬೇಡಿ, ಅಂದರೆ 'ಸೇವ್' ಒತ್ತಬೇಡಿ. ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡಿ.

ಮೇಲೆ ಹೇಳಿದ ಪೌಂಡ್ ಚಿಹ್ನೆ, ಓರೆಗೆರೆಯ ದೊಡ್ಡ 'ಎ' ಪದೇಪದೇ ಕಂಡರೆ ಅದು ಫಾಂಟು ಕಳಚಿದ ನುಡಿ ಅಥವಾ ಬರಹ. ಪಠ್ಯ ಕ್ಷೇಮವಾಗಿದೆ. ಇದಕ್ಕೆ ಪರಿವರ್ತನೆಯೇ ಮದ್ದು, ಅದನ್ನು ಮುಂದೆ ವಿವರಿಸಿದ್ದೇನೆ.

ಓರೆಗೆರೆಯುಳ್ಳ ಸಣ್ಣ 'ಎ', ಅದರ ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ 2 ಅಥವಾ 3, ಆಮೇಲೆ ಇನ್ನೊಂದು ಚಿಹ್ನೆ, ಹೀಗೆ ಮೂರು ಮೂರರ ಗುಂಪುಗಳು ಕಂಡರೆ ಅದು ನುಡಿಯಲ್ಲ. ಅದು ಯೂನಿಕೋಡ್ ಕನ್ನಡವೇ, ತೆರೆದ ತಂತ್ರಾಂಶ ತಪ್ಪಾಗಿ ಓದಿದೆ. ಯುಟಿಎಫ್-8 ಎಂಬ ಶೇಖರಣಾ ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟುಗಳು ಬೇಕು. ಅವುಗಳಲ್ಲಿ ಮೊದಲಿನದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲೊಂದು. ಮೂರನ್ನೂ ಬೇರೆ ಬೇರೆ ಐರೋಪ್ಯ ಅಕ್ಷರಗಳೆಂದು ಓದಿದಾಗ ಈ ವಿಚಿತ್ರ ಸಾಲು ಮೂಡುತ್ತದೆ. ಶಾಲೆಯ ಹೆಸರುಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಹೀಗಾಗುವುದುಂಟು. ಉಳಿಸದೆ ಮುಚ್ಚಿ. ಎಕ್ಸೆಲ್‌ನ 'ಡೇಟಾ' ಪಟ್ಟಿಯಲ್ಲಿ 'ಫ್ರಂ ಟೆಕ್ಸ್ಟ್' ಎಂಬುದನ್ನು ಆಯ್ದು, ಕಡತದ ಮೂಲ ಎಂಬ ಕಡೆ 65001 ಯುಟಿಎಫ್-8 ಎಂದು ಸೂಚಿಸಿದರೆ ಹೆಸರುಗಳು ಮರಳಿ ಬರುತ್ತವೆ. ಕಡತವಿಲ್ಲದೆ ಅಂಟಿಸಿದ ಸಾಲು ಮಾತ್ರ ಕೈಯಲ್ಲಿದ್ದರೆ, ನೋಟ್‌ಪ್ಯಾಡಿನಲ್ಲಿ ಅದನ್ನು 'ಆನ್ಸಿ' ಕ್ರಮದಲ್ಲಿ ಉಳಿಸಿ, ಅದೇ ಕಡತವನ್ನು ಯುಟಿಎಫ್-8 ಎಂದು ಮರಳಿ ತೆರೆಯಿರಿ. ಬಹುಮಟ್ಟಿಗೆ ಸರಿಹೋಗುತ್ತದೆ.

ಖಾಲಿ ಚೌಕಗಳು ಕಂಡರೆ ಗಾಬರಿಯಾಗಬೇಡಿ. ಆ ಗಣಕದಲ್ಲಿ ಕನ್ನಡದ ಫಾಂಟಿಲ್ಲ, ಅಥವಾ ಆಯ್ದಿರುವ ಫಾಂಟಿನಲ್ಲಿ ಕನ್ನಡವಿಲ್ಲ. ಹೊಸ ವಿಂಡೋಸ್‌ಗಳಲ್ಲಿ 'ನಿರ್ಮಲಾ ಯುಐ' ಇದ್ದೇ ಇರುತ್ತದೆ, ಉಚಿತವಾಗಿ ದೊರೆಯುವ 'ನೋಟೋ ಸಾನ್ಸ್ ಕನ್ನಡ' ಮತ್ತು 'ಲೋಹಿತ್ ಕನ್ನಡ' ಕೂಡ ಸಾಕು.

ಪ್ರಶ್ನೆಚಿಹ್ನೆಗಳ ಸಾಲು ಕಂಡರೆ ಮಾತ್ರ ಪರಿಸ್ಥಿತಿ ಗಂಭೀರ. ಸೋಮನೂರಿನ ಎರಡನೆಯ ಕಡತಕ್ಕೆ ಆಗಿದ್ದುದು ಇದೇ. ಹಳೆಯ ವಿಂಡೋಸ್‌ನ ನೋಟ್‌ಪ್ಯಾಡ್ ತಾನಾಗಿ ಆನ್ಸಿ ಕ್ರಮದಲ್ಲೇ ಉಳಿಸುತ್ತಿತ್ತು. ಆ ಕ್ರಮದಲ್ಲಿ ಕನ್ನಡಕ್ಕೆ ಜಾಗವಿಲ್ಲ. ಯೂನಿಕೋಡ್ ಅಕ್ಷರಗಳು ಕಳೆದುಹೋಗುತ್ತವೆ ಎಂಬ ಎಚ್ಚರಿಕೆಯನ್ನು ಅದು ಇಂಗ್ಲಿಷಿನಲ್ಲಿ ತೋರಿಸುತ್ತಿತ್ತು. ಅರ್ಥವಾಗದವರು 'ಓಕೆ' ಒತ್ತುತ್ತಿದ್ದರು. ಒತ್ತಿದ ಕ್ಷಣದಲ್ಲಿ ಪ್ರತಿ ಕನ್ನಡ ಸಂಕೇತವೂ ಒಂದೊಂದು ಪ್ರಶ್ನೆಚಿಹ್ನೆಯಾಗಿ ಬದಲಾಗುತ್ತದೆ, ಹಿಂದಿನ ಸಂಖ್ಯೆ ಎಲ್ಲಿಯೂ ಉಳಿಯುವುದಿಲ್ಲ. ಯಾವ ಪರಿವರ್ತಕವೂ ಇದನ್ನು ಹಿಂದಿರುಗಿಸದು. ಕಡತ ಇನ್ನೂ ತೆರೆದೇ ಇದ್ದರೆ ಕಂಟ್ರೋಲ್ ಮತ್ತು ಜೆಡ್ ಒತ್ತಿ ನೋಡಿ, ಅಂಟಿಸುವ ಮೊದಲಿನ ಪ್ರತಿ, ಮಿಂಚಂಚೆಯ ಲಗತ್ತು, ಹಳೆಯ ಪೆನ್‌ಡ್ರೈವ್ ಎಲ್ಲವನ್ನೂ ಹುಡುಕಿ. 2019ರ ವಿಂಡೋಸ್ 10ರ ಪರಿಷ್ಕರಣೆಯಿಂದೀಚೆಗೆ ನೋಟ್‌ಪ್ಯಾಡ್ ತಾನಾಗಿ ಯುಟಿಎಫ್-8ರಲ್ಲಿ ಉಳಿಸುತ್ತದೆ. ಆದರೆ ಶಾಲೆಗಳಿಗೆ ದಾನವಾಗಿ ಬಂದ ಗಣಕಗಳಲ್ಲಿ ಅನೇಕವು ಅದಕ್ಕಿಂತ ಹಳೆಯವು. ಅವುಗಳಲ್ಲಿ 'ಸೇವ್ ಆ್ಯಸ್' ಕಿಟಕಿಯ ಕೆಳಗಿರುವ 'ಎನ್‌ಕೋಡಿಂಗ್' ಎಂಬಲ್ಲಿ ಯುಟಿಎಫ್-8 ಎಂದು ಕೈಯಾರೆ ಆರಿಸಬೇಕು.

ಇನ್ನೊಂದು ಸಣ್ಣ ಲಕ್ಷಣವಿದೆ: ಚುಕ್ಕಿಗಳಿಂದಾದ ವೃತ್ತಕ್ಕೆ ಅಂಟಿಕೊಂಡ ಇಳಿ ಅಥವಾ ಒತ್ತು. ವ್ಯಂಜನವನ್ನು ಬಿಟ್ಟು ಅದರ ಗುಣಿತ ಚಿಹ್ನೆಯಷ್ಟೇ ಬಂದಿದೆ ಎಂದು ಇದರರ್ಥ. ಆಯ್ಕೆ ಮಾಡುವಾಗ ಒಂದಕ್ಷರ ಹಿಂದಿನಿಂದ ಆಯ್ದು ಪುನಃ ಅಂಟಿಸಿದರೆ ಸಾಕು.

ನುಡಿ ಕಡತದ ಪರಿವರ್ತನೆ

ಫಾಂಟು ಕಳಚಿದ ಪಠ್ಯಕ್ಕೆ ನುಡಿ ಫಾಂಟನ್ನು ಮತ್ತೆ ಹಚ್ಚಿದರೆ ಓದಲು ಬರುತ್ತದೆ. ಆದರೆ ಅಲ್ಲಿಗೇ ನಿಲ್ಲಬಾರದು. ಮೊಬೈಲಿನಲ್ಲಿ ಆ ಫಾಂಟಿಲ್ಲ, ವಾಟ್ಸ್‌ಆ್ಯಪ್ಪಿನಲ್ಲಿ ಅಂಟಿಸಿದರೆ ಮತ್ತೆ ಗೋಜಲೇ. ಯೂನಿಕೋಡಿಗೆ ಪರಿವರ್ತಿಸಿ ಇಡುವುದೇ ಸರಿಯಾದ ಹಾದಿ. ಬರಹ ತಂತ್ರಾಂಶದೊಂದಿಗೆ ಪರಿವರ್ತಕ ಬರುತ್ತದೆ, ಜಾಲತಾಣಗಳಲ್ಲಿಯೂ ಉಚಿತ ಪರಿವರ್ತಕಗಳಿವೆ. ನುಡಿ ಮತ್ತು ಬರಹಗಳ ಹಳೆಯ ಫಾಂಟುಗಳಿಗೆ ಒಂದೇ ಪರಿವರ್ತಕ ಸಾಕಾಗುತ್ತದೆ. ಶ್ರೀಲಿಪಿಯ ಸಂಖ್ಯಾವಿನ್ಯಾಸ ಬೇರೆ, ಅದಕ್ಕೆ ಪರಿವರ್ತಕವೂ ಬೇರೆ ಬೇಕು. ಎಲ್ಲಕ್ಕೂ ಒಂದೇ ಎಂದು ಭಾವಿಸಿ ಹಾಕಿದರೆ ಹೊಸ ಗೋಜಲು ಹುಟ್ಟುತ್ತದೆ.

ಇಲ್ಲಿ ಕೆಲವು ಸೂಕ್ಷ್ಮಗಳಿವೆ. ಒಂದನೆಯದಾಗಿ, ನುಡಿ ಪಠ್ಯವನ್ನು ವರ್ಡ್‌ನಲ್ಲಿ ಬೆರಳಚ್ಚು ಮಾಡುವಾಗ ಅಥವಾ ತಿದ್ದುವಾಗ ಆ ತಂತ್ರಾಂಶದ ಸ್ವಯಂ ತಿದ್ದುಪಡಿ ಸೌಲಭ್ಯವು ಅದನ್ನು ಇಂಗ್ಲಿಷೆಂದೇ ತಿಳಿಯುತ್ತದೆ. ವಾಕ್ಯದ ಮೊದಲ ಅಕ್ಷರ ಸಣ್ಣದಿದ್ದರೆ ದೊಡ್ಡದು ಮಾಡುತ್ತದೆ, ನೇರ ಉದ್ಧರಣ ಚಿಹ್ನೆಯನ್ನು ಬಾಗಿದ್ದಕ್ಕೆ ತಿರುಗಿಸುತ್ತದೆ. ಇಂಗ್ಲಿಷಿನ ಸಣ್ಣಕ್ಷರ ಮತ್ತು ದೊಡ್ಡಕ್ಷರ ನುಡಿಯಲ್ಲಿ ಎರಡು ಬೇರೆ ಕನ್ನಡ ತುಂಡುಗಳು. ಹೀಗಾಗಿ ನಮಗರಿವಿಲ್ಲದೆಯೇ ಪದ ಬದಲಾಗುತ್ತದೆ. ಕೆಲಸ ಆರಂಭಿಸುವ ಮೊದಲು 'ಆಟೋ ಕರೆಕ್ಟ್' ಸೌಲಭ್ಯವನ್ನು ನಿಲ್ಲಿಸಿ.

ಇನ್ನು, ಕಡತದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ಬಗೆದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡುತ್ತದೆ. ಅದಕ್ಕೆ ಎರಡರ ಭೇದ ತಿಳಿಯದು. ಮಿಂಚಂಚೆ ವಿಳಾಸ, ಸಂಸ್ಥೆಯ ಇಂಗ್ಲಿಷ್ ಹೆಸರು ಮೊದಲಾದವನ್ನು ಬೇರೆ ಬರೆದಿಟ್ಟುಕೊಂಡು ಕೊನೆಗೆ ಸೇರಿಸಿ. ದೊಡ್ಡ ಕಡತವನ್ನು ಒಮ್ಮೆಲೇ ಹಾಕುವ ಬದಲು ಪುಟಪುಟವಾಗಿ ಹಾಕಿ, ಮುದ್ರಿತ ಪ್ರತಿಯಿದ್ದರೆ ಅದನ್ನು ಎದುರಿಗಿಟ್ಟುಕೊಂಡು ಓದಿ ನೋಡಿ. ಅರ್ಕಾವೊತ್ತು, ದೀರ್ಘ ಮತ್ತು ಎರಡೊತ್ತಿನ ಅಕ್ಷರಗಳಲ್ಲಿ ತಪ್ಪುಗಳು ಹೆಚ್ಚು. ಈ ಓದನ್ನು ಮನೆಯ ಹಿರಿಯರೊಬ್ಬರಿಗೆ ಒಪ್ಪಿಸಿದರೆ ಒಳ್ಳೆಯದು. ಹಾಡು ಬಲ್ಲವರ ಕಿವಿ ಹಿಡಿಯುವ ತಪ್ಪನ್ನು ನಮ್ಮ ಕಣ್ಣು ಹಿಡಿಯಲಾರದು.

ನುಡಿ, ಬರಹಗಳನ್ನು ಬಳಸಲೇಬಾರದೆಂದು ಇದರರ್ಥವಲ್ಲ. ಎರಡರ ಈಚಿನ ಆವೃತ್ತಿಗಳಲ್ಲಿಯೂ ಯೂನಿಕೋಡಿನಲ್ಲಿ ಬರೆಯುವ ಆಯ್ಕೆಯಿದೆ. ರೂಢಿಯಾದ ಕೀಲಿಮಣೆಯನ್ನೇ ಇಟ್ಟುಕೊಂಡು ಆ ಆಯ್ಕೆಯನ್ನು ಬದಲಿಸಿದರಾಯಿತು. ಅಂಗಡಿಯಲ್ಲಿ ಬೆರಳಚ್ಚು ಮಾಡಿಸುವವರು 'ಯೂನಿಕೋಡಿನಲ್ಲಿ ಮಾಡಿಕೊಡಿ' ಎಂದು ಮೊದಲೇ ಕೇಳಬೇಕು. ಹಣ ಕೊಟ್ಟ ಮೇಲೆ ಕೇಳಿದರೆ ಇನ್ನೊಮ್ಮೆ ಹಣ ಕೊಡಬೇಕಾಗುತ್ತದೆ.

ಕನ್ನಡ ಮತ್ತು ತಮಿಳು ಒಂದೇ ಪುಟದಲ್ಲಿ

ಗಡಿನಾಡಿನವರಿಗೆ ಇದು ದಿನನಿತ್ಯದ ಅಗತ್ಯ. ಹಬ್ಬದ ಆಹ್ವಾನ, ಪೋಷಕರ ಸಭೆಯ ಸೂಚನೆ, ಅಧಿಕಾರಿಗೆ ಮನವಿ, ಎಲ್ಲವೂ ಎರಡು ಭಾಷೆಗಳಲ್ಲಿ ಬೇಕು. ತಮಿಳಿನಲ್ಲಿಯೂ ಬಾಮಿನಿ, ವಾನವಿಲ್ ಮೊದಲಾದ ಹಳೆಯ ಫಾಂಟುಗಳಿದ್ದವು. ಅವೂ ಅದೇ 256 ಸ್ಥಾನಗಳನ್ನು ಎರವಲು ಪಡೆದಿದ್ದವು. ಎಂದರೆ ಒಂದೇ ಸಂಖ್ಯೆ ನುಡಿಯಲ್ಲಿ ಕನ್ನಡದ ಒಂದು ತುಂಡು, ಬಾಮಿನಿಯಲ್ಲಿ ತಮಿಳಿನ ಒಂದು ಅಕ್ಷರ. ಎರಡು ಬಗೆಯ ಹಳೆಯ ಪಠ್ಯವಿರುವ ಕಡತದಲ್ಲಿ 'ಎಲ್ಲವನ್ನೂ ಆಯ್ದು ಫಾಂಟ್ ಬದಲಿಸು' ಎಂದರೆ ಕನ್ನಡದ ಭಾಗವು ಅರ್ಥವಿಲ್ಲದ ತಮಿಳಾಗುತ್ತದೆ. ಸೋಮನೂರಿನ ಮೊದಲ ಕಡತಕ್ಕೆ ಇದನ್ನೇ ಮಾಡಿದ್ದರು. ಫಾಂಟನ್ನು ಮಾತ್ರ ಬದಲಿಸಿದ್ದರಿಂದ ಸಂಖ್ಯೆಗಳು ಹಾಗೆಯೇ ಇದ್ದವು, ನುಡಿ ಫಾಂಟು ಹಚ್ಚಿದೊಡನೆ ಹಾಡುಗಳು ಕಣ್ಣೆದುರು ನಿಂತವು.

ತಮಿಳುನಾಡು ಸರ್ಕಾರವು 2010ರಲ್ಲಿ ಯೂನಿಕೋಡನ್ನು ಅಧಿಕೃತವಾಗಿ ಅಂಗೀಕರಿಸಿತು. ಈಗ ಕನ್ನಡ, ತಮಿಳು ಎರಡನ್ನೂ ಯೂನಿಕೋಡಿನಲ್ಲಿ ಬರೆದರೆ ಒಂದೇ ವಾಕ್ಯದಲ್ಲಿಯೂ ಅವು ಜಗಳವಿಲ್ಲದೆ ಇರಬಲ್ಲವು. ಕಾಸರಗೋಡಿನಲ್ಲಿ ಮಲಯಾಳದೊಂದಿಗೂ ಹಾಗೆಯೇ. ಹಳೆಯ ಕಡತವನ್ನು ಪರಿವರ್ತಿಸುವಾಗ ಮಾತ್ರ ತಮಿಳು ಭಾಗವನ್ನು ತಮಿಳಿನ ಪರಿವರ್ತಕಕ್ಕೂ ಕನ್ನಡ ಭಾಗವನ್ನು ಕನ್ನಡದ ಪರಿವರ್ತಕಕ್ಕೂ ಪ್ರತ್ಯೇಕವಾಗಿ ಕೊಡತಕ್ಕದ್ದು.

ಒಂದು ವಿರೋಧಾಭಾಸವನ್ನು ನೆನಪಿಡಿ. ಯೂನಿಕೋಡ್ ಪಠ್ಯವನ್ನು ಅಂಟಿಸುವಾಗ 'ಪಠ್ಯವನ್ನು ಮಾತ್ರ ಇರಿಸು' ಎಂಬ ಆಯ್ಕೆ ಅತ್ಯುತ್ತಮ. ಅನೇಕ ತಂತ್ರಾಂಶಗಳಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ವಿ ಒತ್ತಿದರೆ ಆಗುವುದು ಅದೇ. ಜಾಲತಾಣದ ಬಣ್ಣ, ಗಾತ್ರ, ಪಟ್ಟಿಗಳೆಲ್ಲ ಉದುರಿ ಶುದ್ಧ ಬರಹ ಬರುತ್ತದೆ. ಆದರೆ ಹಳೆಯ ನುಡಿ ಪಠ್ಯಕ್ಕೆ ಅದೇ ಆಯ್ಕೆ ಫಾಂಟಿನ ಹೆಸರನ್ನು ಕಳಚಿ ಗೋಜಲನ್ನು ತರುತ್ತದೆ. ಅಲ್ಲಿ 'ಮೂಲ ವಿನ್ಯಾಸವನ್ನು ಇರಿಸು' ಎಂಬುದೇ ಸರಿ.

ಕಣ್ಣಿಗೆ ಸರಿ, ಗಣಕಕ್ಕೆ ಬೇರೆ

ಕೆಲವು ದೋಷಗಳು ಕಾಣುವುದೇ ಇಲ್ಲ. 'ಸೋಮನೂರು' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇದರ 'ಸೋ' ಅಕ್ಷರವನ್ನು ಯೂನಿಕೋಡಿನಲ್ಲಿ ಮೂರು ಬಗೆಯಾಗಿ ಕೂಡಿಸಬಹುದು: ಸಕಾರಕ್ಕೆ ಓಕಾರದ ಒಂದೇ ಚಿಹ್ನೆ, ಅಥವಾ ಒಕಾರದ ಚಿಹ್ನೆ ಮತ್ತು ದೀರ್ಘ, ಅಥವಾ ಎತ್ವ, ಊಕಾರದ ಕೊಂಬು ಮತ್ತು ದೀರ್ಘ ಎಂಬ ಮೂರು ಚಿಹ್ನೆಗಳು. ಮೂರೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ, ಪರದೆಯ ಮೇಲೆಯೂ ಸಾಮಾನ್ಯವಾಗಿ ಒಂದೇ ತೆರನಾಗಿ ಕಾಣುತ್ತವೆ. ಆದರೆ ಎಲ್ಲ ತಂತ್ರಾಂಶಗಳೂ ಈ ಸಮಾನತೆಯನ್ನು ಪಾಲಿಸುವುದಿಲ್ಲ. ಪರಿವರ್ತಕದಿಂದ ಬಂದ ಕಡತದಲ್ಲಿ ಊರಿನ ಹೆಸರನ್ನು ಹುಡುಕಿದರೆ 'ಇಲ್ಲ' ಎಂಬ ಉತ್ತರ ಬರಬಹುದು. ಹೀಗಾದಾಗ, ಕಡತದಲ್ಲಿ ಇರುವ ಪದವನ್ನೇ ನಕಲು ಮಾಡಿ ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಿ, ಬದಲಿಯಾಗಿ ಕೀಲಿಮಣೆಯಿಂದ ಹೊಸದಾಗಿ ಬರೆದ ಪದವನ್ನು ಕೊಟ್ಟು ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ.

ಸೊನ್ನೆಯ ತೊಡಕು ಇನ್ನೂ ಹಳೆಯದು. ಅನುಸ್ವಾರ ಮತ್ತು ಕನ್ನಡದ ಶೂನ್ಯದ ಅಂಕಿ ಎರಡೂ ಉರುಟು. ಅವಸರದಲ್ಲಿ ಅನುಸ್ವಾರದ ಬದಲು ಅಂಕಿಯನ್ನು ಒತ್ತಿದ 'ಅ೦ಕ' ಮತ್ತು ಸರಿಯಾದ 'ಅಂಕ' ಕಣ್ಣಿಗೆ ಒಂದೇ, ಗಣಕಕ್ಕೆ ಬೇರೆ ಬೇರೆ. ಅಂಕಪಟ್ಟಿಯಲ್ಲಿ ಇಂಥ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದರೆ ಮಗುವಿನ ಹೆಸರು ಎಲ್ಲಿಯೋ ಹೋಗಿ ಕೂರುತ್ತದೆ.

ಕಾಣದ ಜೋಡಕಗಳೂ ಇವೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟಕಾರಕ್ಕೂ ವಕಾರಕ್ಕೂ ನಡುವೆ ಅವೆರಡನ್ನು ಬೇರ್ಪಡಿಸುವ, ಅಗಲವೇ ಇಲ್ಲದ ಸಂಕೇತವೊಂದಿರುತ್ತದೆ. ಅದು ಉದುರಿದರೆ ಪದ 'ಸಾಫ್ಟ್ವೇರ್' ಎಂದಾಗುತ್ತದೆ. 'ರ‍್ಯಾಂಕ್' ಪದದಲ್ಲಿ ರಕಾರದ ಜೊತೆಗಿರುವ ಕೂಡಿಸುವ ಸಂಕೇತ ಬಿದ್ದುಹೋದರೆ ಅದು 'ರ್ಯಾಂಕ್' ಎಂದು ಅರ್ಕಾವೊತ್ತಿಗೆ ತಿರುಗುತ್ತದೆ. ಕೆಲವು ಅರ್ಜಿ ನಮೂನೆಗಳು ಅಂಟಿಸಿದ ಪಠ್ಯದಿಂದ ಈ ಸಂಕೇತಗಳನ್ನು ಕಿತ್ತುಹಾಕುತ್ತವೆ. 'ರಾಜ್‌ಕುಮಾರ' ಎಂಬ ಹುಡುಗನ ಹೆಸರು ಒಂದು ದಾಖಲೆಯಲ್ಲಿ ಒಂದು ಬಗೆ, ಇನ್ನೊಂದರಲ್ಲಿ 'ರಾಜ್ಕುಮಾರ' ಎಂದು ಬೇರೆ ಬಗೆ ಇದ್ದರೆ ಮುಂದೆ ತಾಪತ್ರಯ. ನಮೂನೆಗಳಲ್ಲಿ ಮಕ್ಕಳ ಹೆಸರನ್ನು ಅಂಟಿಸದೆ ಕೈಯಿಂದಲೇ ಬರೆಯುವುದು, ಸಲ್ಲಿಸುವ ಮುನ್ನ ಅಕ್ಷರ ಅಕ್ಷರವಾಗಿ ನೋಡುವುದು ಕ್ಷೇಮ.

ಪಿಡಿಎಫ್, ಬ್ಯಾನರು, ಮೊಬೈಲು

ಪಿಡಿಎಫ್ ಕಡತವು ಪುಟದ ಚಿತ್ರವನ್ನು ನಿಷ್ಠೆಯಿಂದ ಕಾಪಾಡುತ್ತದೆ, ಪಠ್ಯವನ್ನು ಅಲ್ಲ. ನುಡಿಯಲ್ಲಿ ಮಾಡಿದ ಪಿಡಿಎಫ್‌ನಿಂದ ನಕಲು ಮಾಡಿದರೆ ಇಂಗ್ಲಿಷಿನ ಗೋಜಲು ಬರುವುದು ಸಹಜ. ಯೂನಿಕೋಡಿನಲ್ಲಿ ಮಾಡಿದ್ದರೂ ತೊಂದರೆ ತಪ್ಪುವುದಿಲ್ಲ: 'ಪ್ರೀತಿ' ಎಂಬುದು 'ಪಿ್ರೕತಿ' ಎಂದೂ 'ಕ್ರಿಯೆ' ಎಂಬುದು 'ಕಿ್ರಯೆ' ಎಂದೂ ಬರುತ್ತವೆ. ಪುಟದ ಮೇಲೆ ಗುಡಿಸು ಹೊತ್ತ ಪಕಾರ ಮೊದಲು, ಒತ್ತು ಆಮೇಲೆ ಮುದ್ರಿತವಾಗಿರುತ್ತದೆ, ನಕಲು ಆ ಚಿತ್ರಕ್ರಮವನ್ನೇ ಅನುಸರಿಸುತ್ತದೆ. ಇದನ್ನು ಒಂದೊಂದಾಗಿ ತಿದ್ದಲು ಕೂರುವುದು ವ್ಯರ್ಥ ಶ್ರಮ. ಸಾಧ್ಯವಾದರೆ ಮೂಲ ಕಡತವನ್ನು ಕೇಳಿ ಪಡೆಯಿರಿ. ಇಲ್ಲವಾದರೆ ಪಿಡಿಎಫನ್ನು ಗೂಗಲ್ ಡ್ರೈವ್‌ಗೆ ಏರಿಸಿ 'ಗೂಗಲ್ ಡಾಕ್ಸ್‌ನೊಂದಿಗೆ ತೆರೆ' ಎಂದು ಹೇಳಿ. ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರ ಅಲ್ಲಿ ಕನ್ನಡಕ್ಕೂ ಕೆಲಸ ಮಾಡುತ್ತದೆ. 'ಟೆಸರಾಕ್ಟ್' ಎಂಬ ಮುಕ್ತ ತಂತ್ರಾಂಶವೂ ಕನ್ನಡವನ್ನು ಓದಬಲ್ಲದು. ಫಲಿತಾಂಶವನ್ನು ಮೂಲದೊಂದಿಗೆ ಒಮ್ಮೆ ಹೋಲಿಸಿ ಓದುವುದು ಅನಿವಾರ್ಯ.

ಶಾಲಾ ವಾರ್ಷಿಕೋತ್ಸವದ ಬ್ಯಾನರಿನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದಿರುವುದನ್ನು ಎಲ್ಲರೂ ಕಂಡಿದ್ದೇವೆ. ಫೋಟೋಶಾಪಿನ ಹಳೆಯ ಆವೃತ್ತಿಗಳ ಆಯ್ಕೆಗಳಲ್ಲಿ ಪಠ್ಯ ಎಂಜಿನ್ 'ಮಧ್ಯಪ್ರಾಚ್ಯ ಮತ್ತು ದಕ್ಷಿಣ ಏಷ್ಯಾ' ಎಂದಿರಬೇಕು, ಇನ್‌ಡಿಸೈನ್‌ನಲ್ಲಿ 'ವರ್ಲ್ಡ್ ರೆಡಿ' ಸಂಯೋಜಕವನ್ನು ಆರಿಸಬೇಕು. ಪೇಜ್‌ಮೇಕರ್ ಯೂನಿಕೋಡನ್ನು ಅರಿಯದು, ಅಲ್ಲಿ ಹಳೆಯ ಫಾಂಟೇ ಗತಿ. ತಮಿಳು ಮಾತ್ರ ಬಲ್ಲ ಅಂಗಡಿಯವರಿಗೆ ತಪ್ಪು ಕಾಣುವುದಿಲ್ಲ. ಅಚ್ಚಿಗೆ ಮೊದಲು ಕನ್ನಡ ಬಲ್ಲವರೊಬ್ಬರು ಕರಡನ್ನು ನೋಡಿ ಬರಬೇಕು.

ಮೊಬೈಲಿನಲ್ಲಿ ಬರೆಯುವುದೆಲ್ಲ ಯೂನಿಕೋಡೇ ಆದ್ದರಿಂದ ತೊಡಕು ಕಡಿಮೆ. ವಾಟ್ಸ್‌ಆ್ಯಪ್ಪಿನಲ್ಲಿ ಹಲವು ಸಂದೇಶಗಳನ್ನು ಒಟ್ಟಿಗೆ ನಕಲು ಮಾಡಿದರೆ ದಿನಾಂಕ, ಸಮಯ, ಕಳಿಸಿದವರ ಹೆಸರು ಕೂಡ ಬರುತ್ತವೆ, ಅಂಟಿಸಿದ ಮೇಲೆ ಅವನ್ನು ಅಳಿಸಬೇಕು. ಗಣಕದಲ್ಲಾದರೆ, ವಿಂಡೋಸ್ 10ರ 2018ರ ಪರಿಷ್ಕರಣೆಯ ಬಳಿಕ ವಿಂಡೋಸ್ ಕೀಲಿ ಮತ್ತು ವಿ ಒತ್ತಿದರೆ ಹಿಂದೆ ನಕಲು ಮಾಡಿದವುಗಳ ಪಟ್ಟಿಯೇ ದೊರೆಯುತ್ತದೆ. ಮೊದಲ ಬಾರಿ ಅದನ್ನು ಚಾಲನೆಗೊಳಿಸಬೇಕು. ಅಕಸ್ಮಾತ್ ಅಳಿಸಿದ ಪ್ಯಾರಾ ಅಲ್ಲಿ ಸಿಕ್ಕೀತು. ಸಾರ್ವಜನಿಕ ಗಣಕದಲ್ಲಿ ಮಾತ್ರ ಕೆಲಸ ಮುಗಿದ ಮೇಲೆ ಆ ಪಟ್ಟಿಯನ್ನು ಖಾಲಿ ಮಾಡಿ ಬನ್ನಿ.

ಮನವಿ ಕಳಿಸುವಾಗ

2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನ‌ಡವನ್ನು ತಾಯ್ನುಡಿಯೆಂದು ಬರೆಸಿದವರು ಹನ್ನೆರಡು ಲಕ್ಷಕ್ಕೂ ಅಧಿಕ. ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ಮನವಿಯನ್ನು ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣವನ್ನು ಕುರಿತದ್ದು, 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನು ಕುರಿತದ್ದು. ಕನ್ನಡ ಶಿಕ್ಷಕರ ನೇಮಕ, ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ, ಯಾವ ವಿಷಯಕ್ಕೇ ಆಗಲಿ, ನಾವು ಬರೆಯುವ ಮನವಿ ಅಧಿಕಾರಿಯ ಪರದೆಯ ಮೇಲೆ ಓದಲು ಬಾರದ ಗೋಜಲಾಗಿ ಮೂಡಿದರೆ ಅದು ಮನವಿಯೇ ಅಲ್ಲವೆಂದು ಬದಿಗಿಡಲು ಸುಲಭವಾದ ನೆಪವಾಗುತ್ತದೆ. ಒಮ್ಮೆ ನಾವು ಕಳಿಸಿದ ಮಿಂಚಂಚೆಗೆ ಕಚೇರಿಯೊಂದರಿಂದ ಬಂದ ಉತ್ತರ 'ಓದಲಾಗುತ್ತಿಲ್ಲ' ಎಂಬ ಒಂದೇ ಸಾಲು. ತಪ್ಪು ನಮ್ಮದೇ ಆಗಿತ್ತು: ನುಡಿಯ ಪಠ್ಯವನ್ನು ಹಾಗೆಯೇ ಅಂಟಿಸಿ ಕಳಿಸಿದ್ದೆವು.

ಅಂದಿನಿಂದ ನಮ್ಮ ಕ್ರಮ ಹೀಗಿದೆ. ಮನವಿಯನ್ನು ಯೂನಿಕೋಡಿನಲ್ಲಿ ಬರೆದು ಮಿಂಚಂಚೆಯ ಒಡಲಿನಲ್ಲಿಯೇ ಅಂಟಿಸುತ್ತೇವೆ, ಅದರ ಪಿಡಿಎಫನ್ನು ಲಗತ್ತಿಸುತ್ತೇವೆ, ತಮಿಳು ಅಥವಾ ಇಂಗ್ಲಿಷಿನ ಅನುವಾದವನ್ನು ಕೆಳಗೆ ಸೇರಿಸುತ್ತೇವೆ. ಕಳಿಸುವ ಮೊದಲು ನಮ್ಮದೇ ಇನ್ನೊಂದು ವಿಳಾಸಕ್ಕೆ ಕಳಿಸಿ, ಮೊಬೈಲಿನಲ್ಲಿ ತೆರೆದು ಓದಿ ನೋಡುತ್ತೇವೆ.

ಸೋಮನೂರಿನ ಮೊದಲ ಕಡತ ಈಗ ಯೂನಿಕೋಡಿನಲ್ಲಿದೆ, ಮೂರು ಕಡೆ ಪ್ರತಿಗಳಿವೆ. ಪ್ರಶ್ನೆಚಿಹ್ನೆಗಳಾದ ಎರಡನೆಯದರ ಬೇರೆ ಪ್ರತಿ ಎಲ್ಲಿಯೂ ಸಿಗಲಿಲ್ಲ. ಅದರಲ್ಲಿದ್ದ ಹಾಡುಗಳಲ್ಲಿ ಕೆಲವನ್ನು ಅಜ್ಜಿಯೊಬ್ಬರು ನೆನಪಿನಿಂದ ಹೇಳಿದರು. ಮೊಮ್ಮಗಳು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ನಿಧಾನವಾಗಿ ಕನ್ನಡದಲ್ಲಿ ಬರೆಯುತ್ತಿದ್ದಾಳೆ.